ನೀಲಿ ಬಿಲ್ಲೆಯು ಯಾರದು?

ಕನ್ನಡಿಗರೂ ಹಲವರು ವಾಸಿಸುವ ಇಂಗ್ಲೆಂಡ್ ದೇಶದಲ್ಲಿ ನಡೆಯಲಾರದವರಿಗೆ ಒಂದು ನೀಲಿ ಬಿಲ್ಲೆಯು ಕೊಡಲ್ಪಡುತ್ತದೆ. 1970ರ ಕಾಯಿದೆಯಿಂದ ಹುಟ್ಟಿದ ಈ ಬಿಲ್ಲೆಯು ಮೊದಲು ಕಿತ್ತಳೆ ಬಣ್ಣದ್ದಾಗಿದ್ದು, 2000ದಲ್ಲಿ ನೀಲಿಯಾಯಿತು. ಅದನ್ನು ಮೋಟಾರಿನ ಗಾಜಿನ ಹಿಂದೆ ಇಟ್ಟವರು, ಬೀದಿಯಲ್ಲಿ ಅಂಗವಿಕಲರಿಗೋಸ್ಕರ ಕಾದಿಟ್ಟ ಸ್ಥಳದಲ್ಲಿ ಗಾಡಿಯನ್ನು ನಿಲ್ಲಿಸಬಹುದು.

ಹೀಗಿರಲಾಗಿ, ಒಬ್ಬ ಮಗನು ಮುದಿ ತಾಯಿಯನ್ನು ಮನೆಯಲ್ಲಿ ಬಿಟ್ಟು, ಆಕೆಯ ಔಷಧಕ್ಕಾಗಿಯೇ ಪೇಟೆಗೆ ಹೋಗಿ, ಆಕೆಯ ಬಿಲ್ಲೆಯನ್ನು ಅಲ್ಲಿ ತೋರಿಸಿದರೆ ತಪ್ಪೋ? ಕೆಲಸವು ತಾಯಿಯದಲ್ಲವೋ ಎಂದು ಅವನು ಅಂದಾನು. ಆ ದೇಶದ ಕಾಯಿದೆಯಾದರೋ ಇದನ್ನು ತಪ್ಪೆಂದೇ ಎಣಿಸಿ, 1,000 ಪೌಂಡುಗಳ ವರೆಗೆ ದಂಡ ವಿಧಿಸುತ್ತದೆ. ನಮಗೂ ಅದು ನ್ಯಾಯವೆಂದೇ ತೋರುತ್ತದೆ. ಯಾಕಂದರೆ ಆ ಸ್ಥಳವು ತಾಯಿಯ ಕಾಲುಗಳಿಗಾಗಿ ಕೊಡಲ್ಪಟ್ಟದ್ದೇ ಹೊರತು ಮನೆವಾರ್ತೆಗಾಗಿ ಅಲ್ಲ. ಗಟ್ಟಿ ಕಾಲಿನ ಮಗನು ಅಲ್ಲಿ ಗಾಡಿ ನಿಲ್ಲಿಸಿದ ಹೊತ್ತಿನಲ್ಲಿ ಬೇರೊಬ್ಬನ ತಾಯಿಯು ಇಳಿಯಲು ಸ್ಥಳ ಕಾಣದೆ ಮನೆಗೆ ತಿರುಗಿಹೋಗಬಹುದು. ಆಕೆಯ ಮುಖವನ್ನು ಇವನು ನೋಡುವದೇ ಇಲ್ಲ.

ಆದರೆ ಬಿಲ್ಲೆಯುಳ್ಳ ಒಬ್ಬನು ನೆಟ್ಟಗೆ ಇಳಿದು ನಡೆದನೆಂದು ಅವನನ್ನು ಮೋಸಗಾರನೆನ್ನಲೂ ನಮಗೆ ಅಧಿಕಾರವಿಲ್ಲ. ಹೊರಗೆ ಕಾಣದ ಬೇನೆಯಿಂದ ದಾರಿ ನಡೆಯಲು ಬಹು ಕಷ್ಟಪಡುವವರಿಗೂ 2019ರಿಂದ ಅಲ್ಲಿ ಬಿಲ್ಲೆಯು ಸಿಕ್ಕುತ್ತದೆ. ಬಿಲ್ಲೆಯನ್ನು ಪರೀಕ್ಷಿಸುವದು ಅಧಿಕಾರಿಗಳ ಕೆಲಸವಾಗಿದೆ.

ಇನ್ನೊಂದು ಮಾತು ಉಂಟು. ತಾಯಿಯು ಗಾಡಿಯಲ್ಲಿಯೇ ಕೂತಿದ್ದು, ಮಗನೊಬ್ಬನೇ ಇಳಿದು ಅಂಗಡಿಗೆ ಹೋದರೆ? ಇದು ಕಾಯಿದೆಗೆ ವಿರೋಧವಲ್ಲ. ಆದರೂ ಬೇರೆ ಸ್ಥಳವು ಸಿಕ್ಕುವಾಗ ಇಲ್ಲಿ ನಿಲ್ಲಬೇಕೋ ಎಂದು ಅವನು ತಾಯಿಯನ್ನೇ ಕೇಳಲಿ. ನಡೆಯಲಾರದವರ ಸಂಕಟವನ್ನು ಬಲ್ಲವಳು ಅವಳೇ.