ವೈದ್ಯರ ಚೀಟಿ

ನೋವೆಂಬುದು ಅನುಭವಿಸುವವನಿಗೆ ಪ್ರತ್ಯಕ್ಷ; ಉಳಿದವರಿಗೆ ಅನುಮಾನ. ಈ ಅನುಮಾನವೆಂಬ ಪದಕ್ಕೆ ತರ್ಕಶಾಸ್ತ್ರದಲ್ಲಿ ಕುರುಹಿನಿಂದ ಅರಿಯುವುದೆಂದರ್ಥ, ಕಚೇರಿಗಳಲ್ಲಿ ಸಂದೇಹವೆಂದರ್ಥ. ಎಲುಬು ಮುರಿದರೆ ಕ್ಷ-ಕಿರಣದ ಚಿತ್ರದಲ್ಲಿ ಕುರುಹು ಕಂಡೀತು. ಅರೆತಲೆನೋವಿಗೆ ಅಂಥ ಕುರುಹಿಲ್ಲ; ಅಲ್ಲಿ ರೋಗಿಯ ಮಾತೇ ಪ್ರಮಾಣ. ಹೀಗಿರುವಲ್ಲಿ, ರಜೆ ಬೇಡುವ ನೌಕರನಿಂದ ವೈದ್ಯರ ಪ್ರಮಾಣಪತ್ರವನ್ನು ಕೇಳುವುದು ಎಷ್ಟರಮಟ್ಟಿಗೆ ನ್ಯಾಯ?

ನಾನು ಒಂದು ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದಾಗ ಉಪಾಧ್ಯಾಯರೊಬ್ಬರು ತಲೆನೋವಿನಿಂದ ಎರಡು ದಿನ ಬರಲಿಲ್ಲ. ಚೀಟಿ ತರಬೇಕೆಂದು ಹೇಳಿಕಳುಹಿಸಿದೆ. ಬೆಳಕನ್ನು ನೋಡಲಾರದ ಕಣ್ಣುಗಳನ್ನು ಕೈಯಿಂದ ಮರೆಮಾಡಿಕೊಂಡು, ಬಿಸಿಲಿನಲ್ಲಿ ವೈದ್ಯರ ಮನೆಯವರೆಗೆ ನಡೆದುಹೋಗಿ ಅವರು ಅದನ್ನು ತಂದರು. ಅದರಲ್ಲಿ ‘ಜ್ವರ’ ಎಂದು ಬರೆದಿತ್ತು. “ಜ್ವರವಿತ್ತೆ?” ಎಂದೆ. ಅವರು ತಲೆ ತಗ್ಗಿಸಿ, “ಇಲ್ಲ, ತಲೆನೋವೆಂದು ಬರೆದರೆ ಯಾರೂ ನಂಬರೆಂದು ವೈದ್ಯರು ಹೀಗೆ ಬರೆದರು” ಎಂದರು. ನಾನು ಮರುಮಾತಾಡದೆ ರುಜು ಹಾಕಿದೆ. ನಿಜವಾದ ನೋವಿಗೆ ಸುಳ್ಳು ಸಾಕ್ಷಿ ಒದಗಿತು. ಇಬ್ಬರು ಸಜ್ಜನರನ್ನು ಅಸತ್ಯಕ್ಕೆ ದೂಡಿ, ಅದನ್ನು ನಂಬಿದಂತೆ ನಟಿಸಿ, ಮೂರನೆಯ ಅಸತ್ಯವನ್ನು ನಾನೇ ಸೇರಿಸಿದೆ.

ಹಾಗೆಂದು ಚೀಟಿಯೇ ಬೇಡವೆನ್ನುವಂತಿಲ್ಲ. ಸೋಗುಗಾರರು ಲೋಕದಲ್ಲಿ ಇಲ್ಲದಿಲ್ಲ. ಅದಕ್ಕಿಂತ ಮುಖ್ಯವಾಗಿ, ದೀರ್ಘವ್ಯಾಧಿಯಲ್ಲಿ ಬಡವನನ್ನು ಯಜಮಾನನ ಮರ್ಜಿಯಿಂದ ಕಾಪಾಡುವ ಗುರಾಣಿಯೂ ಇದೇ. 1948ರ ನೌಕರರ ರಾಜ್ಯ ವಿಮಾ ಕಾಯಿದೆಯು ಅಸ್ವಸ್ಥನಾದ ಕಾರ್ಮಿಕನಿಗೆ ಧನಸಹಾಯವನ್ನು ಹಕ್ಕಾಗಿ ಮಾಡಿಕೊಟ್ಟಾಗ, ಆ ಹಕ್ಕು ವೈದ್ಯರ ಪ್ರಮಾಣದ ಮೇಲೆಯೇ ನಿಂತಿತು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳು, ಕೊಟ್ಟ ಪ್ರಮಾಣಪತ್ರಗಳಿಗೆಲ್ಲ ದಾಖಲೆಯ ಪುಸ್ತಕವನ್ನಿಡಬೇಕೆಂದೂ ಸುಳ್ಳು ಪತ್ರವನ್ನು ಕೊಡುವುದು ವೃತ್ತಿದ್ರೋಹವೆಂದೂ ವಿಧಿಸಿದವು. ಅಷ್ಟು ಬಿಗಿ ಅವಶ್ಯಕವೇ.

ಆದರೆ ಒಂದೆರಡು ದಿನದ ತಲೆನೋವಿನಲ್ಲಿ, ಹೊಟ್ಟೆನೋವಿನಲ್ಲಿ ವೈದ್ಯರು ಬರೆಯುವುದೇನು? ಬಹುಮಟ್ಟಿಗೆ ರೋಗಿ ಹೇಳಿದ್ದನ್ನೇ. ಕಟ್ಟಕಡೆಗೆ ನಾವು ನಂಬುವುದೂ ನೌಕರನ ಮಾತನ್ನೇ. ಆದರೆ ಅವನು ತನ್ನ ವಿಶ್ರಾಂತಿಯನ್ನೂ ವೈದ್ಯರ ಶುಲ್ಕವನ್ನೂ ಸುಂಕವಾಗಿ ತೆತ್ತಮೇಲೆ! ಬ್ರಿಟನ್ ದೇಶವು 1982ರಲ್ಲಿ, 7 ದಿನಗಳವರೆಗಿನ ಅಸ್ವಾಸ್ಥ್ಯಕ್ಕೆ ನೌಕರನ ಸ್ವಂತ ಹೇಳಿಕೆಯೇ ಸಾಕೆಂದು ಒಪ್ಪಿತು. ಜರ್ಮನಿಯ 1994ರ ಕಾನೂನು, 3 ದಿನಗಳನ್ನು ಮೀರಿದ ಅಸ್ವಾಸ್ಥ್ಯಕ್ಕೆ ಪತ್ರ ಬೇಕೆಂದು ಗೊತ್ತುಮಾಡಿ, ಬೇಕೆನಿಸಿದರೆ ಮೊದಲೇ ಕೇಳುವ ಅಧಿಕಾರವನ್ನು ಯಜಮಾನನಿಗೆ ಉಳಿಸಿತು. ಎರಡು ಕಡೆಯೂ ಮೊದಲ ಹೆಜ್ಜೆ ನಂಬಿಕೆಯದು.

ನಂಬಿದರೆ ಕೆಲವೊಮ್ಮೆ ಮೋಸಹೋಗುತ್ತೇವೆ, ನಿಜ. ಆಗಿನ ನಷ್ಟ ಒಂದು ದಿನದ ಕೆಲಸ. ನಂಬದೆ ಹೋದಾಗಿನ ನಷ್ಟವನ್ನು ಹಾಜರಿಪುಸ್ತಕದಲ್ಲಿ ಬರೆಯಲಾಗುವುದಿಲ್ಲ. ನಮ್ಮ ಆ ಉಪಾಧ್ಯಾಯರು ಮಕ್ಕಳಿಗೆ ಸತ್ಯವನ್ನು ಬೋಧಿಸುವವರೆಂದು ನಾನು ಒಪ್ಪಿದ್ದೆ. ಅವರ ತಲೆ ನೋಯುತ್ತಿದೆಯೆಂಬುದಕ್ಕೆ ಮಾತ್ರ ಅವರ ಮಾತು ನನಗೆ ಸಾಲದಾಯಿತು.