ಗೊತ್ತಿದ್ದೂ ಕೈಲಾಗದವರು

ಥ್ರಿಲ್ಲರ್ ಎಂದರೆ ಮುಚ್ಚಿಡುವ ಕಲೆ ಎಂದೇ ಹೆಚ್ಚಿನವರು ನಂಬಿದ್ದಾರೆ. ಕೊಲೆ ಮಾಡಿದ್ದು ಯಾರೆಂದು ಕೊನೆಯ ಹತ್ತು ನಿಮಿಷದವರೆಗೆ ಬಾಯಿಬಿಡದಿದ್ದರೆ ಪ್ರೇಕ್ಷಕ ತಾನಾಗಿ ತುದಿಗಾಲಲ್ಲಿ ಕೂರುತ್ತಾನೆ ಎಂಬ ಲೆಕ್ಕದಲ್ಲೇ ಎಷ್ಟೋ ಚಿತ್ರಕಥೆಗಳು ಸಿದ್ಧವಾಗುತ್ತವೆ. ಕ್ಲೈಮ್ಯಾಕ್ಸ್ ಯಾರಿಗೂ ಹೇಳಬೇಡಿ ಎಂಬ ವಿನಂತಿಯ ಹಿಂದಿರುವುದೂ ಅದೇ ನಂಬಿಕೆ. ಆದರೆ ಮುಚ್ಚಿಟ್ಟದ್ದರಿಂದ ಹುಟ್ಟುವುದು ಕುತೂಹಲ; ನಾವು ಸಸ್ಪೆನ್ಸ್ ಎಂದು ಕರೆಯುವ, ಉಸಿರು ಬಿಗಿಹಿಡಿಸುವ ಸಂಕಟದ ಜಾತಿಯೇ ಬೇರೆ. ಫ್ರೆಂಚ್ ನಿರ್ದೇಶಕ ಟ್ರೂಫೋ ಜತೆಗಿನ ಸಂದರ್ಶನದಲ್ಲಿ ಹಿಚ್‌ಕಾಕ್ ಕೊಟ್ಟ, ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಸಿನಿಮಾ ಬಗ್ಗೆ ಓದುವವರಿಗೆಲ್ಲ ಬಾಯಿಪಾಠ. ಬಾಂಬು ಹೇಳದೆ ಕೇಳದೆ ಸಿಡಿದರೆ ಪ್ರೇಕ್ಷಕ ಕೆಲವು ಸೆಕೆಂಡು ಬೆಚ್ಚುತ್ತಾನೆ. ಅದು ಅಲ್ಲಿದೆ ಎಂದು ಮೊದಲೇ ತಿಳಿಸಿದರೆ ಮೇಜಿನ ಸುತ್ತಲಿನ ಹರಟೆ ಮುಗಿಯುವವರೆಗೂ ಒದ್ದಾಡುತ್ತಾನೆ. ಮಾತು ಸರಿಯೇ, ಆದರೆ ಅರ್ಧ. ಬಾಂಬಿನ ವಿಷಯ ತಿಳಿದವನಿಗೆ ಎದ್ದು ಹೋಗಿ ಎಚ್ಚರಿಸುವ ದಾರಿ ಇದ್ದರೆ ಅವನಿಗೆ ಮಾಡಲು ಒಂದು ಕೆಲಸವಿದೆ, ಅಷ್ಟೆ; ಅದು ಸಸ್ಪೆನ್ಸ್ ಅಲ್ಲ. ಗೊತ್ತಿದ್ದೂ ಏನೂ ಮಾಡಲಾಗದ ಸ್ಥಿತಿಯೇ ಅದರ ತಿರುಳು ಎಂಬುದು ನನ್ನ ವಾದ. ಜಾಗ, ಕ್ಯಾಮೆರಾ, ಶಬ್ದ ಮೂರೂ ದುಡಿಯುವುದು ನಮ್ಮನ್ನು ಆ ಸ್ಥಿತಿಗೆ ತಂದು ನಿಲ್ಲಿಸಲು.

ಹಿಚ್‌ಕಾಕ್‌ನದೇ ‘ರಿಯರ್ ವಿಂಡೋ’ (1954) ನೋಡಿ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಗಾಲಿಕುರ್ಚಿ ಹಿಡಿದಿರುವ ಛಾಯಾಗ್ರಾಹಕ ಜೆಫ್, ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ತನ್ನ ಮನೆಯ ಕಿಟಕಿಯಿಂದ ಹಿಂದಿನ ಅಂಗಳದಾಚೆಯ ಮನೆಗಳನ್ನು ನೋಡುತ್ತಾನೆ. ಬೇಸಿಗೆಯ ಸೆಕೆಗೆ ಎಲ್ಲರ ಕಿಟಕಿಗಳೂ ತೆರೆದಿವೆ. ಚಳಿಗಾಲವಾಗಿದ್ದರೆ ಪರದೆಗಳು ಇಳಿದು ಕಥೆಯೇ ಹುಟ್ಟುತ್ತಿರಲಿಲ್ಲ. ಆ ಇಡೀ ವಠಾರವನ್ನು ಪ್ಯಾರಾಮೌಂಟ್ ಸ್ಟುಡಿಯೋದಲ್ಲಿ ಸೆಟ್ ಹಾಕಿ ಕಟ್ಟಿದರು. ಖರ್ಚಿನ ಹುಚ್ಚಿಗಾಗಿ ಅಲ್ಲ. ಯಾವ ಕಿಟಕಿಯಿಂದ ಯಾವ ಕಿಟಕಿಯೊಳಗೆ ಎಷ್ಟು ಕಾಣಬೇಕು ಎಂಬ ಲೆಕ್ಕ ನಿಜವಾದ ಬೀದಿಯಲ್ಲಿ ನಿರ್ದೇಶಕನ ಹಿಡಿತಕ್ಕೆ ಸಿಗುವುದಿಲ್ಲ. ಎದುರುಮನೆಯ ಥಾರ್ವಾಲ್ಡ್ ಹೆಂಡತಿಯನ್ನು ಕೊಂದಿದ್ದಾನೆಂದು ಜೆಫ್‌ಗೆ ಗುಮಾನಿ. ಸಾಕ್ಷಿ ಹುಡುಕಲು ಗೆಳತಿ ಲೀಸಾ ಹೊರಗಿನ ಕಬ್ಬಿಣದ ಏಣಿ ಹತ್ತಿ ಆ ಮನೆಗೆ ನುಗ್ಗುತ್ತಾಳೆ, ಅಷ್ಟರಲ್ಲಿ ಥಾರ್ವಾಲ್ಡ್ ವಾಪಸು ಬರುತ್ತಾನೆ. ಒಳಗೆ ಅವಳು, ಕಾರಿಡಾರಿನಲ್ಲಿ ಅವನು, ನಡುವೆ ಒಂದು ಗೋಡೆ. ಗೋಡೆಯ ಎರಡೂ ಬದಿ ಕಾಣುವುದು ಅಂಗಳದ ಈಚೆಗಿರುವವರಿಗೆ ಮಾತ್ರ. ಇಂಥ ಹೊತ್ತಿನಲ್ಲಿ ಕ್ಯಾಮೆರಾವನ್ನು ಒಳಗೆ ನುಗ್ಗಿಸಿ ಹುಡುಗಿಯ ಬೆವರಿದ ಮುಖ ತೋರಿಸುವ ಆಸೆ ಯಾರಿಗಾದರೂ ಬಂದೀತು. ಇಲ್ಲಿ ಕ್ಯಾಮೆರಾ ಜೆಫ್‌ನ ಕೋಣೆ ಬಿಟ್ಟು ಕದಲುವುದಿಲ್ಲ. ಲೀಸಾ ಅವನ ಹೆಸರು ಹಿಡಿದು ಕೂಗಿಕೊಂಡದ್ದು ದೂರದಿಂದ, ಅಂಗಳ ದಾಟಿ ಬರುತ್ತದೆ. ಚಿತ್ರದುದ್ದಕ್ಕೂ ಕೇಳುವ ಸಂಗೀತ ಬಹುಪಾಲು ನೆರೆಮನೆಗಳ ರೇಡಿಯೋ, ಪಿಯಾನೋಗಳದು; ಅದಕ್ಕೆ ಇವರ ಸಂಕಟದ ಪರಿವೆಯೇ ಇಲ್ಲ. ಜೆಫ್ ಪ್ರೇಕ್ಷಕನ ಪ್ರತಿರೂಪವೆಂದು ವಿಮರ್ಶಕರು ಹೇಳುತ್ತಲೇ ಬಂದಿದ್ದಾರೆ. ಆದರೆ ಅವರ ಕಣ್ಣು ಬಿದ್ದದ್ದು ಅವನ ಇಣುಕುವ ಚಪಲದ ಮೇಲೆ, ಮುರಿದ ಕಾಲಿನ ಮೇಲೆ ಅಷ್ಟಾಗಿ ಅಲ್ಲ. ಕಾಲು ನೆಟ್ಟಗಿದ್ದಿದ್ದರೆ ಅವನು ಓಡಿಹೋಗುತ್ತಿದ್ದ. ಅವನ ಜತೆ ನಾವೂ ಪಾರಾಗುತ್ತಿದ್ದೆವು.

ಶಬ್ದ ಇದೇ ಕೆಲಸವನ್ನು ಇನ್ನೂ ಕಡಿಮೆ ಸಾಮಗ್ರಿಯಲ್ಲಿ ಮಾಡುತ್ತದೆ. ‘ಜಾಸ್’ (1975) ಚಿತ್ರೀಕರಣದಲ್ಲಿ ಯಾಂತ್ರಿಕ ಶಾರ್ಕ್ ಸಮುದ್ರದ ನೀರಿನಲ್ಲಿ ಪದೇ ಪದೇ ಕೆಟ್ಟು ನಿಂತಿತು. ಹಾಗಾಗಿ ಅದು ಬಂದಿದೆ ಎಂದು ಹೇಳುವ ಹೊಣೆಯ ದೊಡ್ಡ ಪಾಲು ಸಂಗೀತ ಸಂಯೋಜಕ ಜಾನ್ ವಿಲಿಯಮ್ಸ್‌ನ ಎರಡು ಸ್ವರಗಳ ಮೇಲೆ ಬಿತ್ತು. ಗಮನಿಸಬೇಕಾದ್ದು ಆ ಸ್ವರಗಳ ಪ್ರಾಮಾಣಿಕತೆ. ಇಬ್ಬರು ಹುಡುಗರು ರಟ್ಟಿನ ರೆಕ್ಕೆ ಕಟ್ಟಿಕೊಂಡು ಈಜಿ ಕಡಲತೀರದ ಜನರನ್ನೆಲ್ಲ ಓಡಿಸುವಾಗ ಆ ಸಂಗೀತ ಬರುವುದೇ ಇಲ್ಲ. ಸ್ವರ ಕೇಳಿದರೆ ಶಾರ್ಕ್ ಇದೆ ಎಂದು ನಾವು ನಂಬುತ್ತೇವೆ. ಈಜುತ್ತಿರುವವರಿಗೆ ಆ ಸ್ವರ ಕೇಳಿಸುವುದಿಲ್ಲ. ಆಮೇಲೆ ದೋಣಿಯ ಹಿಂದೆ ಶಾರ್ಕ್ ಯಾವ ಸಂಗೀತವೂ ಇಲ್ಲದೆ ತಲೆಯೆತ್ತುವಾಗ ನಿರ್ದೇಶಕ ಸ್ಪೀಲ್‌ಬರ್ಗ್ ನಂಬಿಸಿ ಕತ್ತು ಕೊಯ್ಯುತ್ತಾನೆ, ಅದೂ ನಂಬಿಕೆ ಗಟ್ಟಿಯಾದ ಮೇಲೆ. ಬಾಗಿಲು ತೆರೆದರೂ ಢಮಾರ್, ಬೆಕ್ಕು ಹಾರಿದರೂ ಢಮಾರ್ ಎನ್ನುವ ಈಗಿನ ಹಿನ್ನೆಲೆ ಸಂಗೀತಕ್ಕೆ ಇಂಥ ನಿಯತ್ತಿಲ್ಲ. ಅದು ಏನನ್ನೂ ತಿಳಿಸುವುದಿಲ್ಲ, ಕಿವಿ ಹಿಂಡುತ್ತದೆ. ನಮ್ಮಲ್ಲಿ ಸುನೀಲ್ ಕುಮಾರ್ ದೇಸಾಯಿ ‘ತರ್ಕ’ (1989) ಮಾಡುವಾಗ ಹಾಡುಗಳನ್ನೇ ಕೈಬಿಟ್ಟದ್ದರಲ್ಲೂ ಒಂದು ತಿಳಿವಳಿಕೆಯಿದೆ. ಹಾಡು ಬಂತೆಂದರೆ ಪ್ರೇಕ್ಷಕ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಬಹುದು. ಎದ್ದು ಹೋಗುವ ಸ್ವಾತಂತ್ರ್ಯ ಸಿಕ್ಕಿತೋ, ಕಟ್ಟಿದ್ದೆಲ್ಲ ಬಿಚ್ಚಿಹೋಯಿತು.

ಇದಕ್ಕೆ ಎದುರಾಗಿ ಕೋಯೆನ್ ಸಹೋದರರ ‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ (2007) ಚಿತ್ರದ ಹೋಟೆಲ್ ದೃಶ್ಯವನ್ನು ಯಾರಾದರೂ ತರಬಹುದು. ಅಲ್ಲಿ ನಮಗೆ ನಾಯಕನಿಗಿಂತ ಹೆಚ್ಚೇನೂ ಗೊತ್ತಿಲ್ಲ. ಕದ್ದ ಹಣದ ಕಂತೆಯೊಳಗೆ ಸಂಕೇತ ಕಳಿಸುವ ಯಂತ್ರ ಮಾಸ್‌ನ ಕೈಗೆ ಸಿಗುತ್ತದೆ. ಕೆಳಗಿನ ಕೌಂಟರಿಗೆ ಫೋನ್ ಮಾಡುತ್ತಾನೆ. ಗಂಟೆ ಬಾರಿಸುವುದು ಕೇಳುತ್ತದೆ, ಎತ್ತುವವರಿಲ್ಲ. ದೀಪ ಆರಿಸಿ, ಬಂದೂಕು ಹಿಡಿದು ಹಾಸಿಗೆಯ ಮೇಲೆ ಕೂರುತ್ತಾನೆ. ಬಾಗಿಲ ಕೆಳಗಿನ ಬೆಳಕಿನ ಗೆರೆಯಲ್ಲಿ ಎರಡು ಕಾಲಿನ ನೆರಳು ಬಂದು ನಿಲ್ಲುತ್ತದೆ, ಸರಿಯುತ್ತದೆ. ಸ್ವಲ್ಪ ಹೊತ್ತಿಗೆ ಆ ಗೆರೆಯೇ ಆರಿಹೋಗುತ್ತದೆ. ಮುಚ್ಚಿಟ್ಟೇ ಗೆದ್ದ ದೃಶ್ಯವಲ್ಲವೇ ಇದು? ಅಲ್ಲ ಎನ್ನುತ್ತೇನೆ. ಮುಚ್ಚಿಟ್ಟದ್ದು ಮುಖವನ್ನು ಮಾತ್ರ. ಬಂದವನು ಯಾರು, ಬಾಗಿಲ ಬೀಗಕ್ಕೆ ಅವನು ಏನು ಮಾಡಬಲ್ಲ ಎಂಬುದನ್ನು ಚಿತ್ರ ಆಗಲೇ ತೋರಿಸಿ ಆಗಿದೆ. ಇದೇ ದೃಶ್ಯವನ್ನು ಕತ್ತರಿಸಿ ಚಿತ್ರದ ಮೊದಲಿಗೆ ಅಂಟಿಸಿದರೆ, ಕಾರಿಡಾರಿನ ದೀಪ ಆರಿದ್ದಕ್ಕೆ ನಮಗೆ ಅನ್ನಿಸುವುದು ಕರೆಂಟು ಹೋಯಿತು ಎಂದು. ಸಂಗೀತ ಹೆಚ್ಚುಕಡಿಮೆ ಇಲ್ಲದ ಈ ಚಿತ್ರದಲ್ಲಿ ಒಂದು ಹೆಜ್ಜೆಸಪ್ಪಳಕ್ಕೆ ಅಷ್ಟು ತೂಕ ಬಂದದ್ದು ನಮ್ಮೊಳಗೆ ಕೂಡಿಸಿಟ್ಟ ತಿಳಿವಳಿಕೆಯಿಂದ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅಂತ್ಯ ಗೊತ್ತಿರುವ ಚಿತ್ರವನ್ನು ಎರಡನೇ ಸಲ ನೋಡುವಾಗಲೂ ಎದೆ ಡವಗುಟ್ಟುತ್ತದೆ. ಲೀಸಾ ಉಳಿಯುತ್ತಾಳೆಂದು ಗೊತ್ತಿದ್ದ ಮೇಲೆ ಆತಂಕ ಯಾತಕ್ಕೆ? ಮುಚ್ಚಿಡುವುದೇ ಸಸ್ಪೆನ್ಸ್ ಎನ್ನುವವರಿಗೆ ಇದು ಬಿಡಿಸಲಾಗದ ಒಗಟು. ನನ್ನ ವಾದಕ್ಕೆ ಇದು ಹೊರೆಯಲ್ಲ, ಆಸರೆ. ಯಕ್ಷಗಾನ ನೋಡಲು ಬಂದವರಲ್ಲಿ ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲ ಎಂದು ತಿಳಿಯದವರು ಯಾರು? ರನ್ನನ ‘ಗದಾಯುದ್ಧ’ದ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ, ದಡದ ಮೇಲೆ ಭೀಮ. ನೀರೊಳಗಿನವನಿಗೆ ಗರ್ಜನೆ ಮಾತ್ರ ಕೇಳುತ್ತದೆ. ಜಾಗ ಒಂದು, ಮರೆಯಿಂದ ಬರುವ ದನಿ ಒಂದು, ಅಲುಗದೆ ಕೂತವನೊಬ್ಬ: ಮಾಸ್‌ನ ಹೋಟೆಲ್ ಕೋಣೆಯ ಏರ್ಪಾಡೇ. ಕೊನೆ ಏನೆಂದು ಕೇಳುಗನಿಗೆ ಗೊತ್ತು, ಆದರೆ ಅದು ಗೊತ್ತಿರುವುದರಿಂದ ಏನೂ ನಡೆಯುವುದಿಲ್ಲ. ಎರಡನೇ ಸಲ ನೋಡುವಾಗ ತಿಳಿವಳಿಕೆ ಹೆಚ್ಚಿರುತ್ತದೆ. ಕೈ ಕಟ್ಟಿಹಾಕಿದ್ದು ಮಾತ್ರ ಹಾಗೆಯೇ ಇರುತ್ತದೆ.

ಇಷ್ಟು ಒಪ್ಪಿದರೆ ಅದರ ಬೆನ್ನಿಗೇ ಒಂದು ಕಿರಿಕಿರಿಯ ಸಂಗತಿ ಬರುತ್ತದೆ. ‘ಸೈಕೋ’ (1960) ಚಿತ್ರದಲ್ಲಿ ನಾರ್ಮನ್, ಕೊಲೆಯಾದ ಹೆಂಗಸಿನ ಶವವಿರುವ ಕಾರನ್ನು ಕೆಸರು ಹೊಂಡಕ್ಕೆ ತಳ್ಳುತ್ತಾನೆ. ಮುಳುಗುತ್ತಿದ್ದ ಕಾರು ನಡುವೆ ನಿಂತುಬಿಡುತ್ತದೆ. ಅವನ ಬಾಯಿಯ ಅಗಿತ ನಿಲ್ಲುತ್ತದೆ, ಕಣ್ಣು ಅತ್ತಿತ್ತ ಹೊರಳುತ್ತದೆ. ಮುಳುಗಲಿ ಎಂದು ನಾವೂ ಹಾರೈಸುತ್ತೇವೆ. ಸತ್ತವಳ ಮೇಲೆ ಇಷ್ಟು ಹೊತ್ತು ಇಟ್ಟಿದ್ದ ಮರುಕ ಆ ಕೆಲವು ಕ್ಷಣ ಎಲ್ಲಿಗೆ ಹೋಯಿತು? ಇದು ನಿರ್ದೇಶಕನ ಕೈಚಳಕ, ಕ್ಯಾಮೆರಾ ಯಾರ ಪಕ್ಕ ನಿಂತರೆ ಅವರ ಪಕ್ಷ ವಹಿಸುತ್ತೇವೆ, ನಮ್ಮ ಒಳಿತು ಕೆಡುಕಿನ ವಿವೇಚನೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಸಮಾಧಾನ ಹೇಳಿಕೊಳ್ಳುವವರಿದ್ದಾರೆ. ಕ್ಯಾಮೆರಾ ದಾರಿ ತೋರಿಸಿತು, ನಿಜ, ಹಾರೈಕೆ ನಮ್ಮದೇ. ಏನೂ ಮಾಡಲಾಗದವನಿಗೆ ಏನನ್ನು ಬಯಸಿದರೂ ಹೊಣೆಯಿಲ್ಲ, ಹಾಗಾಗಿ ಬೇಡದ್ದನ್ನೂ ಧಾರಾಳವಾಗಿ ಬಯಸುತ್ತಾನೆ. ಹಿಚ್‌ಕಾಕ್‌ಗೆ ಇದು ಚೆನ್ನಾಗಿ ತಿಳಿದಿತ್ತು. ‘ರಿಯರ್ ವಿಂಡೋ’ದಲ್ಲಿ ಪತ್ತೇದಾರ ಗೆಳೆಯ ಬಂದು ಥಾರ್ವಾಲ್ಡನ ಹೆಂಡತಿ ಬದುಕಿದ್ದಾಳೆ, ಕೊಲೆಯೇ ನಡೆದಿಲ್ಲ ಎಂದಾಗ ಜೆಫ್, ಲೀಸಾ ಇಬ್ಬರ ಮುಖವೂ ಬಾಡುತ್ತದೆ. ಒಂದು ಹೆಣ್ಣುಜೀವ ಉಳಿಯಿತೆಂದು ಹಿಗ್ಗಬೇಕಾದಲ್ಲಿ ತಾವು ಮಂಕಾದೆವಲ್ಲ ಎಂದು ಲೀಸಾಳೇ ನಾಚಿಕೊಳ್ಳುತ್ತಾಳೆ. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ನಾಯಿಯೊಂದು ಸತ್ತು ಬಿದ್ದಿರುತ್ತದೆ, ಥಾರ್ವಾಲ್ಡನ ಮೇಲಿನ ಗುಮಾನಿ ಮರಳುತ್ತದೆ. ಅವರಿಬ್ಬರ ಜತೆಗೆ ಥಿಯೇಟರಿನಲ್ಲಿದ್ದವರೂ ಮತ್ತೆ ಚುರುಕಾಗುತ್ತಾರೆ.