ಚರಿತ್ರೆ ಮತ್ತು ಚಾರಿತ್ರ್ಯ

ಮುಂಬಯಿಗೆ ಬಂದು ಮೂವತ್ತು ವರ್ಷ ಮೀರಿದರೂ ಕೆಲವು ಮರಾಠಿ ಶಬ್ದಗಳು ಇನ್ನೂ ನನ್ನನ್ನು ತಡೆದು ನಿಲ್ಲಿಸುತ್ತವೆ. ಅಂಥದೊಂದು ‘ಚಾರಿತ್ರ್ಯ ಪಡತಾಳಣಿ’. ನೌಕರಿಗೆ ಸೇರುವವನ ಬಗ್ಗೆ ಪೊಲೀಸರು ವಿಚಾರಿಸಿ ಕೊಡುವ ಕಾಗದಕ್ಕೆ ಮಹಾರಾಷ್ಟ್ರದಲ್ಲಿ ಹಾಗೆನ್ನುತ್ತಾರೆ. ಪಡತಾಳಣಿ ಅಂದರೆ ತಾಳೆ ನೋಡುವುದು. ಚಾರಿತ್ರ್ಯ ನಮ್ಮ ಶಬ್ದವೂ ಹೌದು, ಅರ್ಥವೂ ಅದೇ: ನಡತೆ. ಆದರೆ ಆ ಕಾಗದದಲ್ಲಿ ನಡತೆಯ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಠಾಣೆಯ ದಾಖಲೆಯಲ್ಲಿ ಇವನ ಮೇಲೆ ಕೇಸಿದೆಯೋ ಇಲ್ಲವೋ, ಅಷ್ಟೇ. ತೆಗೆದುಕೊಂಡ ಸಾಲ ತೀರಿಸುತ್ತಾನೋ, ಹೆಂಡತಿಯ ಮೇಲೆ ಕೈ ಮಾಡುತ್ತಾನೋ, ದಾರಿಯಲ್ಲಿ ಬಿದ್ದವರನ್ನು ಎತ್ತುತ್ತಾನೋ, ಇದ್ಯಾವುದೂ ಠಾಣೆಯ ರಿಜಿಸ್ಟರಿಗೆ ಗೊತ್ತಿಲ್ಲ. ಒಳಗಿರುವುದು ಚರಿತ್ರೆ, ಅದೂ ಒಂದು ತುಂಡು. ಮೇಲೆ ಬರೆದಿರುವುದು ಮಾತ್ರ ಚಾರಿತ್ರ್ಯ. ಈ ಎರಡು ಶಬ್ದಗಳ ನಡುವಿನ ಸಂದಿಯಲ್ಲಿ ಎಷ್ಟೋ ಜನರ ಬದುಕು ಸಿಕ್ಕಿಕೊಂಡಿದೆ.

ಠಾಣೆಯ ಒಂದು ಕಾರ್ಖಾನೆಯಲ್ಲಿ (ಇದು ಪೊಲೀಸ್ ಠಾಣೆ ಅಲ್ಲ, ಮುಂಬಯಿ ಪಕ್ಕದ ಠಾಣೆ ಊರು) ನಾನು ಬಹಳ ವರ್ಷ ಸಿಬ್ಬಂದಿ ವಿಭಾಗದಲ್ಲಿದ್ದೆ. ಈಗಿನವರು ಎಚ್.ಆರ್. ಅಂತಾರಲ್ಲ, ಅದೇ. ಹೀಗಾಗಿ ಇಂಥ ಫಾರಂಗಳನ್ನು ಮೇಜಿನ ಆಚೆ ಬದಿಯಿಂದ ನೋಡಿದ ಅನುಭವ ನನಗಿದೆ. ಕೇಂದ್ರ ಸರ್ಕಾರದ ನೌಕರಿಗೆ ಆಯ್ಕೆಯಾದವರು ತುಂಬುವ ಅಟೆಸ್ಟೇಶನ್ ಫಾರಂ ನೋಡಿ. ನಿಮ್ಮನ್ನು ಎಂದಾದರೂ ಬಂಧಿಸಲಾಗಿದೆಯೇ? ನಿಮ್ಮ ಮೇಲೆ ಮೊಕದ್ದಮೆ ನಡೆದಿದೆಯೇ? ಸ್ಥಾನಬದ್ಧತೆಯಲ್ಲಿ ಇಡಲಾಗಿತ್ತೇ? ಮುಚ್ಚಳಿಕೆ ಬರೆಸಿಕೊಳ್ಳಲಾಗಿದೆಯೇ? ಕೋರ್ಟು ದಂಡ ಹಾಕಿದೆಯೇ? ಶಿಕ್ಷೆ ಆಗಿದೆಯೇ? ಒಂದೇ ಉಸಿರಿಗೆ ಎಲ್ಲ ಕೇಳುತ್ತದೆ. ಮೊದಲನೆಯ ಪ್ರಶ್ನೆಗೂ ಕೊನೆಯದಕ್ಕೂ ಅಜಗಜಾಂತರ ಇದೆ ಅನ್ನುವುದು ಫಾರಂಗೆ ಹೊಳೆದಂತಿಲ್ಲ. ಶಿಕ್ಷೆ ಅಂದರೆ ನ್ಯಾಯಾಧೀಶರು ಎರಡೂ ಕಡೆ ಕೇಳಿ, ಸಾಕ್ಷಿ ತೂಗಿ, ಇವನು ಇಂಥದ್ದು ಮಾಡಿದ್ದಾನೆ ಎಂದು ಹೇಳಿದ್ದು. ಬಂಧನ ಅಂದರೆ ಪೊಲೀಸರು ಇವನನ್ನು ಹಿಡಿದದ್ದು. ಒಂದು ಇವನ ಕೃತ್ಯ, ಇನ್ನೊಂದು ಪೊಲೀಸರ ಕೃತ್ಯ.

ನಮ್ಮ ಮಾತೂ ಇಲ್ಲಿ ಮೋಸ ಮಾಡುತ್ತದೆ. ‘ಅವನು ಅರೆಸ್ಟ್ ಆದ’ ಅಂತೀವಿ, ‘ಫೇಲ್ ಆದ’ ಅಂದ ಹಾಗೆ. ಅವನೇ ಏನೋ ಮಾಡಿಕೊಂಡ ಅನ್ನುವ ಧಾಟಿ. ‘ಅವನನ್ನು ಅರೆಸ್ಟ್ ಮಾಡಿದರು’ ಅಂತ ಪೂರ್ತಿ ಹೇಳಿದರೆ, ಯಾರು, ಯಾಕೆ, ಸರಿಯಾಗಿ ಮಾಡಿದರೋ ಇಲ್ಲವೋ ಎಂಬ ಪ್ರಶ್ನೆಗಳು ತಾವಾಗಿಯೇ ಹಿಂದೆ ಬರುತ್ತವೆ.

ಆ ಪ್ರಶ್ನೆಗಳನ್ನು ಸುಪ್ರೀಂ ಕೋರ್ಟು ಹಲವು ಸಲ ಕೇಳಿದೆ. ಬಂಧಿಸುವ ಅಧಿಕಾರ ಇರುವುದು ಬೇರೆ, ಬಂಧಿಸಲು ಸಮರ್ಥನೆ ಇರುವುದು ಬೇರೆ ಎಂದು 1994ರ ಜೋಗಿಂದರ್ ಕುಮಾರ್ ಪ್ರಕರಣದಲ್ಲಿ ಹೇಳಿತು. ದೇಶದಲ್ಲಿ ನಡೆಯುವ ಬಂಧನಗಳಲ್ಲಿ ಹೆಚ್ಚುಕಡಿಮೆ ನೂರಕ್ಕೆ 60 ಅನಗತ್ಯ ಅಥವಾ ಅಸಮರ್ಥನೀಯ ಎಂಬ ರಾಷ್ಟ್ರೀಯ ಪೊಲೀಸ್ ಆಯೋಗದ ಮಾತನ್ನೂ ಅದೇ ತೀರ್ಪಿನಲ್ಲಿ ನೆನಪಿಸಿತು. 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ, ಬಂಧನದ ಅವಮಾನದ ಗಾಯ ಎಂದೂ ಮಾಯುವುದಿಲ್ಲ ಎಂಬ ಅರ್ಥದ ಮಾತು ಹೇಳಿ, ಸಿಕ್ಕವರನ್ನು ಯಾಂತ್ರಿಕವಾಗಿ ಬಂಧಿಸಬೇಡಿ ಎಂದು ಪೊಲೀಸರಿಗೆ ತಾಕೀತು ಮಾಡಿತು. ಆದರೂ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಇವರಲ್ಲಿ ಬಹಳಷ್ಟು ಜನ ಒಂದು ದಿನ ಬಿಡುಗಡೆಯಾಗಿ, ಎಲ್ಲೋ ಒಂದು ಫಾರಂ ಮುಂದೆ ಪೆನ್ನು ಹಿಡಿದು ಕೂರುವವರೇ.

ಬಂಧನದ ಮಟ್ಟಕ್ಕೂ ಹೋಗಬೇಕಿಲ್ಲ. 2025ರ ಜನವರಿಯಲ್ಲಿ ಇಲ್ಲಿ ಬಾಂದ್ರಾದ ಮನೆಯಲ್ಲಿ ನಟ ಸೈಫ್ ಅಲಿ ಖಾನ್ ಮೇಲೆ ಚಾಕು ದಾಳಿಯಾಯಿತು. ಎರಡು ದಿನದ ಮೇಲೆ ಮುಂಬಯಿಯ ಒಬ್ಬ ಡ್ರೈವರನನ್ನು ಛತ್ತೀಸಗಢದ ದುರ್ಗ್ ಸ್ಟೇಶನ್ನಿನಲ್ಲಿ ರೈಲಿನಿಂದ ಇಳಿಸಿ, ಸಂಶಯದ ಮೇಲೆ ವಶಕ್ಕೆ ತೆಗೆದುಕೊಂಡರು. ಫೋಟೋ ದೇಶದ ತುಂಬ ಓಡಾಡಿತು. ಮರುದಿನವೇ ಪೊಲೀಸರು ಠಾಣೆ ಊರಿನಲ್ಲಿ ಬೇರೊಬ್ಬನನ್ನು ಬಂಧಿಸಿ ಇವನನ್ನು ಬಿಟ್ಟರು. ಅಷ್ಟರಲ್ಲಿ ನೌಕರಿ ಹೋಗಿತ್ತು, ನೋಡಲು ಹೊರಟಿದ್ದ ಹುಡುಗಿಯ ಮನೆಯವರು ಸಂಬಂಧ ಬೇಡ ಎಂದಿದ್ದರು ಎಂದು ಅವನೇ ಪತ್ರಕರ್ತರ ಮುಂದೆ ಹೇಳಿಕೊಂಡ. ಒಂದು ದಿನದ ತಪ್ಪು, ಮಾಡಿದವರು ಬೇರೆ, ತೆತ್ತವನು ಇವನು.

ಹಾಗಾದರೆ ನೌಕರಿ ಕೊಡುವವರು ಏನೂ ಕೇಳಲೇಬಾರದೇ? ಮೇಜಿನ ಆ ಬದಿಯಲ್ಲಿ ಕೂತ ನನಗೆ ಹಾಗೆ ಹೇಳುವ ಧೈರ್ಯವಿಲ್ಲ. ಶಾಲೆಯ ಬಸ್ಸಿಗೆ ಡ್ರೈವರ್ ಬೇಕು ಅಂದುಕೊಳ್ಳಿ. ಬಂದವನ ಮೇಲೆ ಮಕ್ಕಳಿಗೆ ಕಿರುಕುಳ ಕೊಟ್ಟ ಕೇಸಿತ್ತು, ಸಾಕ್ಷಿಗಳು ತಿರುಗಿಬಿದ್ದು ಖುಲಾಸೆಯಾಯಿತು. ‘ಕೋರ್ಟು ಬಿಟ್ಟಿದೆ’ ಎಂದು ಕಣ್ಣು ಮುಚ್ಚಿ ಬಸ್ಸಿನ ಕೀಲಿ ಕೊಡುತ್ತೀರಾ? ನಾನಂತೂ ಕೊಡಲಾರೆ. ನಮ್ಮ ದೇಶದಲ್ಲಿ ಸಾಕ್ಷಿಯನ್ನು ಹೆದರಿಸಿ ತಪ್ಪಿಸಿಕೊಂಡವರೂ ಇದ್ದಾರೆ, ಸಂಶಯದ ಲಾಭದಲ್ಲಿ ಪಾರಾದವರೂ ಇದ್ದಾರೆ. ನೌಕರಿ ಕೊಡುವವನ ಹೆದರಿಕೆ ಸುಳ್ಳಲ್ಲ. ಆದರೆ ಆ ಬಸ್ಸಿನ ಉದಾಹರಣೆಯಲ್ಲಿ ನಾವು ಏನು ಮಾಡಿದೆವು ಗಮನಿಸಿ. ಯಾವ ಕೇಸು, ಯಾವ ಕೆಲಸ, ಹೇಗೆ ಮುಗಿಯಿತು ಎಂದು ಮೂರು ಪ್ರಶ್ನೆ ಕೇಳಿಕೊಂಡೆವು. ಹೌದು-ಇಲ್ಲ ಎಂಬ ಎರಡು ಚೌಕಗಳಿರುವ ಫಾರಂ ಈ ಮೂರರಲ್ಲಿ ಒಂದನ್ನೂ ಕೇಳುವುದಿಲ್ಲ.

ಗದಗ ಕಡೆಯ ನಮ್ಮ ಸಂಬಂಧಿಕರ ಹುಡುಗ ಒಬ್ಬ ಪುಣೆಯ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಆಯ್ಕೆಯಾಗಿದ್ದ. ಕಾಲೇಜಿನ ದಿನಗಳಲ್ಲಿ ಒಂದು ಮುಷ್ಕರದಲ್ಲಿ ಬಸ್ಸಿಗೆ ಕಲ್ಲು ಬಿತ್ತು. ಪೊಲೀಸರು ಚಹಾದ ಅಂಗಡಿ ಮುಂದಿದ್ದವರನ್ನೆಲ್ಲ ವ್ಯಾನಿಗೆ ತುಂಬಿದರು, ಇವನೂ ಅದರಲ್ಲಿದ್ದ. ಒಂದು ರಾತ್ರಿ ಲಾಕಪ್ಪು, ಜಾಮೀನು, ಆಮೇಲೆ ಸಾಕ್ಷ್ಯವಿಲ್ಲವೆಂದು ಪೊಲೀಸರೇ ಬಿ ರಿಪೋರ್ಟ್ ಹಾಕಿ ಮುಗಿಸಿದರು. ಕಂಪನಿಯ ಫಾರಂ ಬಂದಾಗ ನನಗೆ ಫೋನು ಮಾಡಿದ.

“ಕಾಕಾ, ಅರೆಸ್ಟ್ ಆಗೀರೇನು ಅಂತ ಕೇಳ್ಯಾರ. ಏನ್ ಬರೀಲ್ರಿ?”

“ಹೌದು ಅಂತ ಬರಿ. ಆಮ್ಯಾಲೆ ಹೆಂಗ ಮುಗೀತು ಅನ್ನೂದನ್ನೂ ಬರಿ.”

“ಅದನ್ನ ಬರೀಲಿಕ್ಕೆ ಜಾಗಾನ ಇಲ್ಲಲ್ರಿ ಕಾಕಾ.”

ಜಾಗವಿಲ್ಲದ ಕಡೆ ಬೇರೆ ಹಾಳೆ ಲಗತ್ತಿಸಿ ಕಳಿಸಿದ. ಕಂಪನಿಯವರು ಫೋನಿನಲ್ಲಿ ಕೇಳಿದ ಒಂದೇ ಪ್ರಶ್ನೆ, ಬಿ ರಿಪೋರ್ಟ್ ಅಂದರೆ ಏನು ಎಂದು. ತಪ್ಪು ಅವರದ್ದೂ ಅಲ್ಲ. ಮಹಾರಾಷ್ಟ್ರದ ಪೊಲೀಸರು ಕೇಸು ಮುಚ್ಚುವುದಕ್ಕೆ ‘ಸಮರಿ’ ಅಂತಾರೆ. ಅದರಲ್ಲಿ ಎ, ಬಿ, ಸಿ ಎಂದು ಮೂರು ಬಗೆ. ನಮ್ಮೂರಿನ ಬಿ ರಿಪೋರ್ಟ್ ಎಂಬ ಮಾತು ಅಲ್ಲಿ ಪರೀಕ್ಷೆಯ ಕಡಿಮೆ ದರ್ಜೆಯ ಹಾಗೆ ಕೇಳಿಸಿತೋ ಏನೋ. ಬೇಡ ಅಂತಲೂ ಹೇಳಲಿಲ್ಲ, ಬಾ ಅಂತಲೂ ಹೇಳಲಿಲ್ಲ. ಏಳು ತಿಂಗಳು ರೂಮಿನಲ್ಲಿ ಕೂತು, ಕೊನೆಗೆ ಸಣ್ಣದೊಂದು ಕಂಪನಿಗೆ ಕಡಿಮೆ ಸಂಬಳಕ್ಕೆ ಸೇರಿದ. ಅದೇ ವ್ಯಾನಿನಲ್ಲಿದ್ದ ಅವನ ಗೆಳೆಯ ಇನ್ನೊಂದು ಕಡೆ ‘ಇಲ್ಲ’ ಎಂದು ಬರೆದು ಕೆಲಸ ಹಿಡಿದಿದ್ದ. ಆದರೆ ಆಫೀಸಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಇವತ್ತಿಗೂ ಅವನ ಎದೆ ಧಸಕ್ ಅನ್ನುತ್ತದಂತೆ.

ಇವತ್ತು ಯಾರಾದರೂ ಕೇಳಿದರೂ ನಾನು ಅದೇ ಹೇಳುತ್ತೇನೆ: ನಿಜ ಬರಿ. ಆದರೆ ಹಾಗೆ ಹೇಳುವಾಗ ಒಂದು ಮಾತು ಮರೆಯಬಾರದು. ಉಪದೇಶ ನನ್ನದು, ಬೆಲೆ ಅವನದು. ಸತ್ಯ ಹೇಳು ಎಂದು ಒಬ್ಬನಿಗೆ ಹೇಳುವ ಸಮಾಜ ಸತ್ಯವನ್ನು ಕೇಳಿಸಿಕೊಳ್ಳಲೂ ತಯಾರಿರಬೇಕು. ನಮ್ಮ ಫಾರಂ ಮೊದಲು ಸುಳ್ಳನ್ನು ಅಗ್ಗ ಮಾಡುತ್ತದೆ, ಆಮೇಲೆ ಸುಳ್ಳು ಹೇಳಿದ್ದಕ್ಕೆ ನಿನ್ನ ಚಾರಿತ್ರ್ಯ ಸರಿಯಿಲ್ಲ ಎನ್ನುತ್ತದೆ.

ಕೋರ್ಟುಗಳಿಗೂ ಈ ಇಕ್ಕಟ್ಟು ಗೊತ್ತಿದೆ. ದೆಹಲಿ ಪೊಲೀಸ್ ಸೇರಲು ಬಂದ ಯುವಕನೊಬ್ಬ, ರಾಜಿಯಾಗಿ ಖುಲಾಸೆಯಾಗಿದ್ದ ಹಳೆಯ ಹೊಡೆದಾಟದ ಕೇಸನ್ನು ಅರ್ಜಿಯಲ್ಲಿ ಮುಚ್ಚಿಟ್ಟಿದ್ದ. ರೊಟ್ಟಿ ಕದ್ದು ಜೀವನವಿಡೀ ಕಳ್ಳನೆನಿಸಿಕೊಂಡ ವಿಕ್ಟರ್ ಹ್ಯೂಗೋನ ಜಾನ್ ವಾಲ್‌ಜಾನನನ್ನು ನೆನೆದು, ಹುಡುಗುತನದ ತಪ್ಪಿಗೆ ಜನ್ಮವಿಡೀ ಹಣೆಪಟ್ಟಿ ಬೇಡ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಅವನ ಕೈ ಹಿಡಿಯಿತು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ನಿಯಮ ಹಾಕಿದರು. ಕೇಳಿದ್ದಕ್ಕೆ ನಿಜ ಹೇಳಬೇಕು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸನ್ನು ಮುಚ್ಚಿಟ್ಟಿದ್ದರೆ ಮಾಲೀಕ ಕ್ಷಮಿಸಬಹುದು. ಪ್ರಶ್ನೆ ಸ್ಪಷ್ಟವಾಗಿರಬೇಕು. ಇಷ್ಟು ಒಳ್ಳೆಯದೇ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಮುಗಿದ ಕೇಸಿನ ಬಗ್ಗೆ ನಿಜ ಹೇಳಿದರೂ ಪೂರ್ವಾಪರ ನೋಡುವ ಹಕ್ಕು ಮಾಲೀಕನಿಗಿದೆ, ನೌಕರಿ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. ಅಂದರೆ ಸತ್ಯ ಕಡ್ಡಾಯ, ಸತ್ಯಕ್ಕೆ ರಕ್ಷಣೆ ಐಚ್ಛಿಕ.

ಬಂಧನಕ್ಕೂ ನಡತೆಗೂ ಗಂಟು ಹಾಕಬಾರದು ಎನ್ನಲು ನಮ್ಮ ಬೆಂಗಳೂರೇ ಸಾಕ್ಷಿ. 1975ರ ಜೂನ್ 26ರಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರನ್ನು ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು, ಈಗಿನ ಫ್ರೀಡಂ ಪಾರ್ಕಿಗೆ. ವಿಚಾರಣೆಯೂ ಇಲ್ಲ, ಶಿಕ್ಷೆಯೂ ಇಲ್ಲ. 1977ರಲ್ಲಿ ದಂಡವತೆ ದೇಶದ ರೈಲ್ವೆ ಮಂತ್ರಿಯಾದರು. ಅವರೇ ರೈಲ್ವೆಯಲ್ಲಿ ಗುಮಾಸ್ತೆಯ ಕೆಲಸಕ್ಕೆ ಬಂದಿದ್ದರೆ ಎರಡು ಕಾಲಂಗಳ ಎದುರು ‘ಹೌದು’ ಎಂದು ಬರೆದು ಕಾಯಬೇಕಿತ್ತು!

ದೊಡ್ಡವರ ಮಾತು ಬಿಡಿ. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಅಂತ ಒಂದು ಬಡಾವಣೆಯಿದೆ. ಕನ್ನಡದವರು ಬಹಳ ಇರುವ ಸೊಲ್ಲಾಪುರದಲ್ಲೂ ಅದೇ ಹೆಸರಿನದೊಂದಿದೆ. 1871ರಿಂದ ಬ್ರಿಟಿಷರು ತಂದ ಕಾನೂನಿನಡಿ ‘ಅಪರಾಧಿ ಬುಡಕಟ್ಟು’ ಎಂದು ಮುದ್ರೆ ಒತ್ತಿ, ಕುಟುಂಬಗಳನ್ನೇ ತಂದಿಟ್ಟು ಹಾಜರಿ ಹಾಕಿಸುತ್ತಿದ್ದ ಜಾಗಗಳು ಅವು. ಅಲ್ಲಿ ಹುಟ್ಟಿದ್ದೇ ದಾಖಲೆ. 1952ರಲ್ಲಿ ಕಾನೂನು ಹೋಯಿತು, ಬಡಾವಣೆಯ ಹೆಸರು ಉಳಿಯಿತು, ಸಂಶಯವೂ ಉಳಿಯಿತು. ಊರಲ್ಲಿ ಏನಾದರೂ ಕಳುವಾದರೆ ಪೊಲೀಸರ ವ್ಯಾನು ಮೊದಲು ಯಾವ ಓಣಿಗೆ ಹೋಗುತ್ತದೆ ಎಂದು ನಾವೆಲ್ಲ ಚಿಕ್ಕಂದಿನಲ್ಲೇ ಕಲಿತಿದ್ದೆವು. ಪೊಲೀಸರು ಹೆಚ್ಚು ಹೋಗುವ ಓಣಿಯಲ್ಲಿ ಬಂಧನಗಳು ಹೆಚ್ಚು. ಬಂಧನ ಹೆಚ್ಚಾದ ಓಣಿಯವರಿಗೆ ನೌಕರಿ ಕಡಿಮೆ. ನೌಕರಿ ಇಲ್ಲದವರ ಓಣಿಗೆ ಪೊಲೀಸರು ಮತ್ತೆ ಹೋಗುತ್ತಾರೆ. ಬರೀ ಬಂಧನವನ್ನು ಲೆಕ್ಕಕ್ಕೆ ಹಿಡಿಯುವ ಫಾರಂ ಈ ಗಾಣಕ್ಕೆ ಕಟ್ಟಿದ ಇನ್ನೊಂದು ಎತ್ತು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಶಿಕ್ಷೆಯಾಗದೆ ಮುಗಿದ ಬಂಧನದ ಬಗ್ಗೆ ಮಾಲೀಕರು ಸಾಮಾನ್ಯವಾಗಿ ಕೇಳುವಂತೆಯೇ ಇಲ್ಲ. ಅಲ್ಲಿಯ ಕಂಪನಿಗಳಿಗೆ ಕೆಲಸ ಮಾಡಿಕೊಡುವ ನಮ್ಮ ಪುಣೆ, ಹೈದರಾಬಾದಿನ ಕಂಪನಿಗಳು ಇಲ್ಲಿ ಕೇಳುತ್ತವೆ. ಪೂರ್ತಿ ನಿಷೇಧ ಆಗದಿದ್ದರೂ ಬೇಡ. ಶಿಕ್ಷೆ ಆಗಿದೆಯೇ ಎಂದು ಕೇಳಲಿ, ನಡೆಯುತ್ತಿರುವ ಗಂಭೀರ ಕೇಸು ಈ ಕೆಲಸಕ್ಕೆ ಸಂಬಂಧಿಸಿದ್ದರೆ ಕೇಳಲಿ, ಮುಗಿದದ್ದನ್ನು ಕೇಳಲೇಬೇಕಿದ್ದರೆ ಹೇಗೆ ಮುಗಿಯಿತು ಎಂದು ಬರೆಯಲು ನಾಲ್ಕು ಸಾಲಿನ ಜಾಗ ಬಿಡಲಿ, ಬರೆದದ್ದನ್ನು ಓದಲಿ.

ಊರು ಬಿಟ್ಟವನಿಗೆ ಇದು ಯಾಕೆ ಹೆಚ್ಚು ಚುಚ್ಚುತ್ತದೆ ಅಂದರೆ, ಊರಿನಲ್ಲಿ ಮನುಷ್ಯನಿಗೆ ನೂರು ಸಾಕ್ಷಿಗಳಿರುತ್ತಾರೆ. ‘ಅಂವಾ ಏನ್ ಮಾಡ್ಯಾನ ಬಿಡ್ರಿ, ಗಲಾಟಿಯೊಳಗ ಸಿಕ್ಕೊಂಡಿದ್ದ’ ಎನ್ನುವವರು ಪ್ರತಿ ಕಟ್ಟೆಯಲ್ಲೂ ಸಿಗುತ್ತಾರೆ. ಊರಿನ ಬಾಯಿ ಕೆಟ್ಟದ್ದು, ಆದರೆ ಅದು ಮರೆಯಬಲ್ಲದು, ಮನ್ನಿಸಬಲ್ಲದು. ಪರಸ್ಥಳದಲ್ಲಿ ಕಾಗದ ಒಂದೇ ಸಾಕ್ಷಿ, ಕಾಗದಕ್ಕೆ ಮರೆವಿಲ್ಲ.

ಆದರೆ ಆ ಕಾಗದ ಎಷ್ಟೋ ಸಲ ಊರಿಗೇ ಬರುತ್ತದೆ. ಕಾಯಂ ವಿಳಾಸದ ಠಾಣೆಗೆ ಪತ್ರ ಹೋಗಿ, ಅಲ್ಲಿಂದ ಒಬ್ಬ ಪೇದೆಯೋ ಕಂಪನಿ ಗೊತ್ತು ಮಾಡಿದ ಏಜೆನ್ಸಿಯ ಹುಡುಗನೋ ಬಂದು ನಿಮ್ಮ ಬಾಗಿಲು ಬಡಿಯುತ್ತಾನೆ. ‘ಪಕ್ಕದ ಮನೆಯ ಹುಡುಗ ಪುಣೆಗೆ ಹೋಗಿದ್ದಾನಂತಲ್ಲ, ಹೇಗೆ?’ ಅಂತ ಕೇಳುತ್ತಾನೆ. ‘ಅವನ ಮ್ಯಾಲೆ ಒಂದು ಕೇಸಿತ್ರಿ’ ಎಂಬುದು ಸುಳ್ಳಲ್ಲ, ಹೇಳುವುದೂ ಸುಲಭ. ಅಲ್ಲಿಗೇ ನಿಲ್ಲಿಸಬೇಡಿ. ಅದು ಹೇಗೆ ಮುಗಿಯಿತು, ಆಮೇಲೆ ಅವನು ಹೇಗೆ ಬದುಕಿದ ಎಂಬುದನ್ನೂ ಹೇಳಿ. ಫಾರಂನಲ್ಲಿ ಅದಕ್ಕೆ ಜಾಗವಿಲ್ಲದಿದ್ದರೂ ಬಂದವನ ಕಿವಿಗಾದರೂ ಬೀಳಲಿ. ಚರಿತ್ರೆ ಠಾಣೆಯಲ್ಲಿ ಸಿಗುತ್ತದೆ. ಚಾರಿತ್ರ್ಯಕ್ಕೆ ಸಾಕ್ಷಿ ಹೇಳಬೇಕಾದವರು ನೀವೇ.